ಏಳನೇ ನಂಬರಿನ ಚಿತ್ರಗಳು

ಮನೆಯಿಂದ,
ಭಾನುವಾರ, ಹದಿನಾಲ್ಕನೇ ತಾರೀಕು, ಸಂಜೆ

ಪ್ರೀತಿಯ ಅಮ್ಮಾ,

ಅಜ್ಜಿಯ ಕಾಲಿನ ಕಟ್ಟು ಬಿಚ್ಚಿದರೇ? ನಡೆಯಲು ಕೊಟ್ಟ ಕೋಲಿನಲ್ಲಿ ನಿನ್ನನ್ನೇ ಹೆದರಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಓದಿ ನಾನೂ ಅಪ್ಪನೂ ನಕ್ಕೆವು. ಅವರನ್ನು ಎತ್ತಿ ಕೂರಿಸುವ ಭರದಲ್ಲಿ ನಿನ್ನ ಸೊಂಟ ಹಿಡಿಸಿಕೊಳ್ಳಬೇಡ. ನಾವಿಲ್ಲಿ ಕ್ಷೇಮ ಎಂದು ಬರೆಯಹೊರಟೆ, ಪೆನ್ನು ನಿಂತುಬಿಟ್ಟಿತು.

ವಾಚನಾಲಯದ ಮಹಡಿಯಲ್ಲಿ ಭಾನುವಾರ ಸೇರುವ ನಮ್ಮ ಫೋಟೋ ಬಳಗ ನಿನಗೆ ಗೊತ್ತಲ್ಲ. ದುಡಿಯುವ ಜನ ತೆಗೆದ ಚಿತ್ರಗಳನ್ನು ದುಡಿಯುವ ಜನರೇ ವಿಮರ್ಶಿಸಬೇಕು ಎಂದು ನಾನು ಹಟ ಹಿಡಿದು ಕಟ್ಟಿದ್ದು. ನಿಯಮವೂ ನನ್ನದೇ: ಚಿತ್ರದ ಹಿಂದೆ ನಂಬರ್ ಮಾತ್ರ, ಹೆಸರಿಲ್ಲ, ತೆಗೆದವರು ತುಟಿ ಬಿಚ್ಚುವಂತಿಲ್ಲ. ದಾಕ್ಷಿಣ್ಯ ವಿಮರ್ಶೆಯನ್ನು ಕೊಲ್ಲುತ್ತದೆ ಎಂದು ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದೆ. ಅಪ್ಪ ರಜೆಯ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ನೀನಿಲ್ಲದ ಮನೆಯಲ್ಲಿ ಹೊತ್ತು ಹೋಗದೆ ಬರುತ್ತಾರೆ ಎಂದುಕೊಂಡಿದ್ದೆ.

ಒಂದು ತಿಂಗಳಿಂದ ಏಳನೇ ನಂಬರಿನ ಚಿತ್ರಗಳು ನನ್ನನ್ನು ಹುಚ್ಚುಹಿಡಿಸಿದ್ದವು. ಆಡುವ ಮಕ್ಕಳ ಪಕ್ಕದಲ್ಲಿ, ಬಲ ಅಂಚಿನಲ್ಲಿ, ಅರ್ಧ ಕಸದ ಡಬ್ಬಿ. ಬೆಂಚಿನ ಮೇಲೆ ನಾಲ್ವರು ಮುದುಕರು, ಬಲಗಡೆಯವರ ಮುಖವೇ ತುಂಡು. ಇನ್ನೊಂದರಲ್ಲಿ ಬಲಮೂಲೆಯ ತುಂಬ ಮಸುಕು ಮಸುಕಾಗಿ ಏನೋ ಒಂದು. ನಾನು ಎದ್ದು ಭಾಷಣವನ್ನೇ ಬಿಗಿದೆ. ಅಂಚಿಗೆ ತಳ್ಳಿದವರು ಚೌಕಟ್ಟು ಒಡೆದು ಒಳನುಗ್ಗುತ್ತಿದ್ದಾರೆ, ಇದೇ ನಿಜವಾದ ಜನತೆಯ ಚಿತ್ರ ಎಂದೆ. "ತಾಯೀ, ಅದು ಹೆಬ್ಬೆರಳು ಕಣಮ್ಮ" ಎಂದರು ಕ್ಷೌರದಂಗಡಿಯವರು. ಎಲ್ಲರೂ ನಕ್ಕರು. ಹಳೇ ರುಚಿಯ ಗುಲಾಮರು ನೀವು ಎಂದು ಅವರ ಬಾಯಿ ಮುಚ್ಚಿಸಿದೆ.

ಇವತ್ತು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅಕ್ಕ ಬಳಗಕ್ಕೆ ಮೊದಲ ಸಲ ಬಂದಿದ್ದರು. ಏಳನೇ ನಂಬರಿನ ಹನ್ನೆರಡು ಚಿತ್ರಗಳನ್ನೂ ಸಾಲಾಗಿ ಜೋಡಿಸಿ ನೋಡಿದರು. ಕಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇದನ್ನ ತೆಗೆದವರು ಯಾರು? ಇಲ್ಲೇ ಇದ್ದಾರಾ?" ಎಂದರು. ನಿಯಮ, ನಿಯಮ ಎಂದು ನಾನು ಕೂಗಾಡುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಪ್ಪ ಎದ್ದರು ಅಮ್ಮಾ! ಬಹುಮಾನ ಬಂದವರ ಹಾಗೆ ನಾಚಿಕೊಂಡು, "ನಂದೇ ಕಣಮ್ಮ" ಎಂದರು. ಮಗಳು ಅಪ್ಪ ಅಂತ ನೋಡದೆ ಏನು ಹೇಳ್ತಾಳೋ ಕೇಳೋಣ ಅಂತ ಹೆಸರು ಹೇಳಲಿಲ್ಲವಂತೆ.

ಆ ಅಕ್ಕ ಅವರನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ಮೂಗನ್ನೇ ನೋಡ್ತಿರಿ, ಬೆರಳು ಆಡೋದು ಕಂಡ ಕೂಡಲೇ ಹೇಳಿ ಎಂದರು. ಎಡಗಡೆ ಆಡಿಸಿದಾಗ ಅಪ್ಪ ಥಟ್ಟನೆ "ಹ್ಞಾ" ಎಂದರು. ಆಮೇಲೆ ಬಲಗಡೆ. ಬೆರಳುಗಳು ಆಡುತ್ತಿವೆ, ನಮಗೆಲ್ಲ ಕಾಣುತ್ತಿದೆ, ಅಪ್ಪ ಮಾತ್ರ ನಗುಮುಖದಲ್ಲಿ ಕಾಯುತ್ತಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ, "ಶುರು ಮಾಡಮ್ಮ, ಯಾಕೆ ತಡ?" ಎಂದರು.

ಅಕ್ಕ ಮೆಲ್ಲಗೆ ಕೇಳಿದರು, ಏನು ಕೆಲಸ ಮಾಡ್ತೀರಿ ಅಂತ. ಬಸ್ ಓಡಿಸ್ತೀನಿ ಎಂದರು ಅಪ್ಪ. ಕ್ಷೌರದಂಗಡಿಯವರು ತಲೆ ತಗ್ಗಿಸಿಕೊಂಡರು.

ಬಲಭಾಗದ ನೋಟವೇ ಹೋಗಿರಬಹುದು, ಮೆದುಳಿಗೆ ಏನಾದರೂ ಆಗಿದ್ದರೂ ಹೀಗಾಗುತ್ತದೆ, ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಎಂದರು ಅಕ್ಕ. ಇವತ್ತು ಭಾನುವಾರ, ದೊಡ್ಡ ಡಾಕ್ಟರು ಸಿಗುವುದಿಲ್ಲ, ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗೋಣ ಎಂದೆ. ಆದರೆ ಅಪ್ಪನದು ಬೇರೆ ರಾಗ. "ಬೆಳಿಗ್ಗೆ ಶಾಲೆ ಮಕ್ಕಳ ಟ್ರಿಪ್ ಮುಗಿಸಿ ಹೋಗೋಣ ಬಿಡು. ಮೂವತ್ತು ವರ್ಷ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ನಿಮ್ಮಮ್ಮನ ಕಿವಿಗೆ ಹಾಕ್ಬೇಡ." ಹೆಬ್ಬೆರಳು ನಿಮಗೆ ಕಾಣಲೇ ಇಲ್ವಾ ಅಪ್ಪ ಎಂದು ಮನೆಗೆ ಬರುವ ದಾರಿಯಲ್ಲಿ ಕೇಳಿದೆ. ಅವರು ಹೇಳಿದ್ದು ಕೇಳು: "ತೆಗೆಯುವಾಗ ಕಾಣ್ಲಿಲ್ಲ. ಪ್ರಿಂಟ್ ಬಂದ ಮೇಲೆ ಕಂಡು ಗಾಬರಿಯಾಗಿತ್ತು. ನೀನು ಅಷ್ಟು ಹೊಗಳಿದ ಮೇಲೆ, ಹಾಗೇ ಇರ್ಬೇಕೇನೋ ಅಂದ್ಕೊಂಡೆ." ಗಾಬರಿಯಾಗಿತ್ತಂತೆ ಅಮ್ಮಾ! ಆ ಗಾಬರಿಯನ್ನು ನನ್ನ ಭಾಷಣ ಅಳಿಸಿಹಾಕಿತು. ಹೆಬ್ಬೆರಳನ್ನು ಹೆಬ್ಬೆರಳು ಎಂದಿದ್ದರೆ ಸಾಕಿತ್ತು. ಅದಾಗಿ ನಾಲ್ಕು ವಾರ ಅವರು ಆ ಬಸ್ಸು ಓಡಿಸಿದ್ದಾರೆ.

ಅಜ್ಜಿಗೆ ಇದೇನನ್ನೂ ಹೇಳಬೇಡ, ನನ್ನ ನಮಸ್ಕಾರ ಮಾತ್ರ ತಿಳಿಸು. ಚಿಕ್ಕಮ್ಮ ಬಂದು ಅವರನ್ನು ನೋಡಿಕೊಳ್ಳುವುದಾದರೆ ನೀನು ಬೇಗ ಹೊರಟು ಬಾ.

ನಿನ್ನ
ಬಾಯಿಬಡುಕಿ

ವಿ.ಸೂ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹಾಲು ತರುತ್ತೇನೆ ಎಂದು ಹೇಳಿ ಹನ್ನೆರಡು ಚಿತ್ರಗಳನ್ನೂ ತೆಗೆದುಕೊಂಡು ಡಿಪೋ ಮೇಲ್ವಿಚಾರಕರ ಮನೆಗೆ ಹೋಗಿಬಂದೆ. ನಾಳೆಯಿಂದ ಅಪ್ಪನ ಕೈಗೆ ಬಸ್ಸು ಕೊಡುವುದಿಲ್ಲ. "ನೀನೇ ಹೇಳ್ತೀಯೋ, ನಾನು ಹೇಳ್ಲೋ?" ಎಂದರು. ನಾನೇ ಹೇಳುತ್ತೇನೆ ಎಂದೆ. ಅಪ್ಪ ಪಕ್ಕದ ಕೋಣೆಯಲ್ಲಿ ನಾಳೆಗೆಂದು ಖಾಕಿ ಅಂಗಿ ಇಸ್ತ್ರಿ ಮಾಡುತ್ತಿದ್ದಾರೆ. ಈ ಲಕೋಟೆ ಅಂಟಿಸಿ ಎದ್ದು ಹೋಗುತ್ತೇನೆ.