ಅಳುವ ರೆಕ್ಕೆಗೆ ಎಣ್ಣೆ ಹಾಕಿದ ಭಾವನ ಫೋಟೋ

ಮಾನ್ಯರೇ, ಶಿಲ್ಪವನದ ಮುಖ್ಯಾಧಿಕಾರಿಗಳೇ,

ನಿಮ್ಮ ಟಿಕೆಟ್ ಕಿಟಕಿಯ ಗಾಜಿಗೆ ಅಂಟಿಸಿರುವ ಫೋಟೋ ನಮ್ಮ ಭಾವನದು. ಅದರ ಕೆಳಗೆ 'ಇವರಿಗೆ ಪ್ರವೇಶವಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೀರಿ. ಅವರು ಮಾಡಿದ ಘನಘೋರ ಅಪರಾಧವಾದರೂ ಏನು? ಕಿರುಗುಟ್ಟುತ್ತಿದ್ದ ಕಬ್ಬಿಣಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟಿದ್ದು. ಆ ಫೋಟೋ ಇಳಿಸಿ ಎಂದು ಕೇಳಲು ಎರಡು ಸಲ ನಿಮ್ಮ ಕಚೇರಿಗೆ ಬಂದೆ. ಮೊದಲ ಸಲ ನೀವು ಮೀಟಿಂಗಿನಲ್ಲಿದ್ದಿರಿ. ಎರಡನೇ ಸಲ ಮೀಟಿಂಗ್ ಮುಗಿಸಿ ಸುಸ್ತಾಗಿದ್ದಿರಿ. ಹಾಗಾಗಿ ಈ ಬಹಿರಂಗ ಪತ್ರದಲ್ಲಿ ಊರವರ ಎದುರಿಗೇ ಕೇಳುತ್ತಿದ್ದೇನೆ.

ನಾವು ಯಾರೆಂದು ಹೇಳಿಬಿಡುತ್ತೇನೆ. ಆಸ್ಪತ್ರೆಯ ರಿಪೇರಿ ವಿಭಾಗದ ಏಳು ಜನ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ ನಮ್ಮ ಜಾಗ. ಮುರಿದ ಮಂಚ, ವಾಲಿದ ಗಾಲಿಕುರ್ಚಿ, ಮುಚ್ಚದ ಬಾಗಿಲು ನಮ್ಮ ಪಾಲಿಗೆ. ಇವೆಲ್ಲಕ್ಕಿಂತ ದೊಡ್ಡ ಶತ್ರು ಸದ್ದು. ಎರಡು ದಿನದಿಂದ ನಿದ್ದೆಯಿಲ್ಲದ ರೋಗಿಗೆ ಆಗತಾನೇ ಕಣ್ಣು ಹತ್ತಿರುತ್ತದೆ. ಅಷ್ಟರಲ್ಲಿ ಟ್ರಾಲಿ 'ಕಿರ್ರ್' ಎಂದರೆ ಮುಗಿಯಿತು, ವಾರ್ಡಿನ ಸಿಸ್ಟರ್ ಮೆಟ್ಟಿಲಿಳಿದು ಬರುತ್ತಾರೆ. ಆಮೇಲೆ ಕಿರುಗುಟ್ಟುವ ಸರದಿ ನಮ್ಮದು.

ಅದಕ್ಕೇ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ ಮತ್ತು ನಮ್ಮ ವಿಭಾಗದ ಹಿರಿಯರು, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಹೆಬ್ಬೆರಳು ಗಾತ್ರದ ಎಣ್ಣೆ ಕುಪ್ಪಿ ಇಟ್ಟುಕೊಳ್ಳುತ್ತಾರೆ. ಇಡೀ ಆಸ್ಪತ್ರೆಗೆ ಅವರು 'ಎಣ್ಣೆ ಭಾವ'. ಬೇರೇನೋ ಅಂದುಕೊಳ್ಳಬೇಡಿ, ಅವರು ಕುಡಿಯುವುದು ಬಿಸಿನೀರು. ಸದ್ದು ಕೇಳಿದರೆ ಸಾಕು, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಬೀಗರ ಮನೆಗೆ ಹೋದರೂ ಮೊದಲು ಗೇಟಿಗೆ ಎಣ್ಣೆ ಹಾಕಿ, ಆಮೇಲೆ 'ಚೆನ್ನಾಗಿದೀರಾ' ಎಂದು ಕೇಳುವ ಮನುಷ್ಯ.

ವರ್ಷಕ್ಕೊಮ್ಮೆ, ಎಲೆ ಉದುರುವ ಕಾಲದಲ್ಲಿ, ನಾವು ಒಂದು ದಿನದ ಪ್ರವಾಸ ಹೋಗುತ್ತೇವೆ. ಈ ಸಲ ನಿಮ್ಮಲ್ಲಿಗೆ ಬಂದೆವು. ತೂತು ಬಿದ್ದ ದೊಡ್ಡ ಕಲ್ಲಿನ ಮುಂದೆ ನಮ್ಮ ಬಡಗಿ ಹತ್ತು ನಿಮಿಷ ಕೈಕಟ್ಟಿ ನಿಂತ.

"ಏನಯ್ಯಾ, ಅರ್ಥ ಆಯ್ತಾ?" ಅಂದೆ.

"ಅರ್ಥ ಕಟ್ಕೊಂಡು ಏನ್ ಮಾಡ್ಲಿ? ಈ ತೂತು ಯಾವ ಬೈರಿಗೇಲಿ ಕೊರೆದ್ರು ಅಂತ ನೋಡ್ತಿದೀನಿ."

ಹೀಗೆ ಕಲೆಯನ್ನು ಸವಿಯುತ್ತಾ ಹೋಗುವಾಗ ಆ ಸದ್ದು ಕೇಳಿಸಿತು. ಎದೆಯೆತ್ತರದ ಕಂಬದ ಮೇಲೆ ಎರಡಾಳುದ್ದದ ಕಬ್ಬಿಣದ ರೆಕ್ಕೆ. ಗಾಳಿಗೆ ಸುತ್ತುತ್ತಿದೆ, ಸುತ್ತಿದಾಗೆಲ್ಲ ಗೋಳಾಡುತ್ತಿದೆ. ಭಾವ ನಿಂತುಬಿಟ್ಟರು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ಭಾವ, ಪೇಷೆಂಟ್ ಸೀರಿಯಸ್ಸು. ನಿಮ್ ಕೈಗುಣ ತೋರ್ಸಿ."

"ಇವತ್ತು ರಜಾ ಕಣೋ."

"ರೋಗಕ್ಕೆ ರಜಾ ಉಂಟಾ?"

ಭಾವ ಹತ್ತಿರ ಹೋಗಿ ರೆಕ್ಕೆಯ ಬುಡಕ್ಕೆ ಬೆರಳು ಸವರಿದರು. ಬೆರಳ ತುಂಬ ಕಂದು ಪುಡಿ. "ನೋಡಿಲ್ಲಿ, ಬೇರಿಂಗು ಸವೆದು ಪುಡಿ ಉದುರ್ತಿದೆ. ಪಾಪ, ಇದನ್ನ ಕೇಳೋರೇ ಇಲ್ಲ ಅನ್ಸುತ್ತೆ."

ನಾನು ರೆಕ್ಕೆ ಹಿಡಿದು ನಿಲ್ಲಿಸಿದೆ. ಅವರು ನಾಲ್ಕು ಹನಿ ಬಿಟ್ಟರು. ಕೈ ಬಿಟ್ಟರೆ ರೆಕ್ಕೆ ಸದ್ದಿಲ್ಲದೆ ತೇಲಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ನಿಮ್ಮ ಕಾವಲುಗಾರ ಓಡಿ ಬಂದ.

"ಏನ್ ಮಾಡಿದ್ರಿ?"

"ಸದ್ದು ನಿಲ್ಲಿಸ್ದೆ," ಅಂದರು ಭಾವ, ಹೆಮ್ಮೆಯಿಂದ.

"ಅಯ್ಯೋ, ಆ ಸದ್ದೇ ಕಣ್ರೀ ಶಿಲ್ಪ!"

ಅವನು ಬೂಟುಗಾಲಿನಿಂದ ನೆಲದ ಎಲೆಗಳನ್ನು ಸರಿಸಿದ. ಅಡಿಯಲ್ಲೊಂದು ಫಲಕ: 'ಅಳಲು. ಕಬ್ಬಿಣ, ಗಾಳಿ ಮತ್ತು ಸದ್ದು.'

ಸ್ವಾಮಿ, ಎಲೆ ಉದುರುವ ತೋಟದಲ್ಲಿ ಫಲಕವನ್ನು ನೆಲಕ್ಕೆ ಹೂಳಬೇಕೆಂಬ ಬುದ್ಧಿ ಯಾರದು? ಮುಟ್ಟಬೇಡಿ ಎಂದು ಗೇಟಿನಲ್ಲಿ ಬರೆದಿತ್ತು, ನಾವು ಮುಟ್ಟಿದೆವು. ತಪ್ಪೇ, ಇಲ್ಲ ಅನ್ನುವುದಿಲ್ಲ. ಆದರೆ ಉಬ್ಬಿಸಿದವನು ನಾನು, ರೆಕ್ಕೆ ಹಿಡಿದವನೂ ನಾನು. ನಿಮ್ಮ ಕಾವಲು ಕ್ಯಾಮೆರಾ ತೆಗೆದ ಆ ಫೋಟೋದಲ್ಲಿ ನನ್ನ ಮೊಣಕೈ ಮಾತ್ರ ಬಿದ್ದಿದೆ. ಮೊಣಕೈಗೆ ನಿಮ್ಮಲ್ಲಿ ನಿಷೇಧವಿಲ್ಲವೇ?

ನಂತರದ ಭಾನುವಾರ ನಮ್ಮ ಆಸ್ಪತ್ರೆಯ ನರ್ಸೊಬ್ಬರು ಮಕ್ಕಳ ಜೊತೆ ನಿಮ್ಮಲ್ಲಿಗೆ ಬಂದು ಫೋಟೋ ನೋಡಿದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ಸುದ್ದಿ ಐದೂ ಮಹಡಿ ಹತ್ತಿತ್ತು. ಭಾವ ಮೊದಲು ನಕ್ಕರು. ಸಂಜೆ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದು, ನಿಮ್ಮ ಕಿಟಕಿಯ ಮುಂದೆ ನಿಂತು ನೋಡಿ ಹೋದರು. ಮರುದಿನ ಎಣ್ಣೆ ಕುಪ್ಪಿಯನ್ನು ಜೇಬಿನಿಂದ ತೆಗೆದು ಮೇಜಿನ ಖಾನೆಯಲ್ಲಿಟ್ಟರು. ಇವತ್ತಿಗೂ ತೆಗೆದಿಲ್ಲ. "ಯಾವ ಸದ್ದಿಗೆ ಏನರ್ಥ ಇದೆಯೋ ನಂಗೇನು ಗೊತ್ತಪ್ಪ," ಅನ್ನುತ್ತಾರೆ. ಬರೆದು ಕೊಟ್ಟ ಕೆಲಸ ಮಾಡುತ್ತಾರೆ, ಅಷ್ಟೇ. ಎಣ್ಣೆ ಕಾಣದ ಟ್ರಾಲಿಯ ರೂಪದಲ್ಲಿ ನಿಮ್ಮ ಕಲಾಕೃತಿ ಈಗ ನಮ್ಮ ಮೂರನೇ ವಾರ್ಡಿಗೆ ಬಂದಿದೆ. ದಿನವಿಡೀ ಪ್ರದರ್ಶನ, ಪ್ರವೇಶ ಉಚಿತ, ರೋಗಿಗಳಿಗೆ ಎದ್ದು ಹೋಗುವ ಅವಕಾಶವಿಲ್ಲ.

ಅಕ್ಕ ಮೊನ್ನೆ ಸಿಕ್ಕಿದಳು. "ಮನೆ ಬಾಗ್ಲೂ ಕಿರ್ ಅಂತಿದೆ ಕಣೋ. ಕೇಳಿಸ್ಕೊಂಡು ಕಲ್ಲಿನ ಹಾಗೆ ಕೂತಿರ್ತಾರೆ. ಎಲ್ಲಾ ನಿನ್ನ ಬಾಯಿಂದ." ನಾನು ಏನಾದರೂ ಹೇಳಿ ನಗಿಸಬೇಕೆಂದುಕೊಂಡೆ. ಅದರ ಬದಲು ಮನೆಗೆ ಬಂದು ಈ ಪತ್ರ ಬರೆಯಲು ಕೂತೆ.

ಇನ್ನೊಂದು ಮಾತು. ನೀವು ಬಯಸಿದಂತೆ ರೆಕ್ಕೆ ಮತ್ತೆ ಅಳಬಹುದು, ಅದು ದೊಡ್ಡ ಕೆಲಸವಲ್ಲ. ಆದರೆ ಆ ಪುಡಿ ಸುಳ್ಳು ಹೇಳುವುದಿಲ್ಲ. ಹೀಗೇ ಬಿಟ್ಟರೆ ರೆಕ್ಕೆ ಒಂದು ದಿನ ಕಳಚಿ ಬೀಳುತ್ತದೆ. ಅದರ ಕೆಳಗೆ ಮಕ್ಕಳು ಎಲೆ ಆರಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅಳುವುದು ಕಲೆ ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಬೀಳುವುದೂ ಕಲೆಯೇ? ಬೇರಿಂಗು ಉಳಿಯಬೇಕು, ಅಳುವೂ ಉಳಿಯಬೇಕು ಎಂದರೆ ಎಷ್ಟು ಎಣ್ಣೆ, ಎಲ್ಲಿಗೆ ಎಂಬುದನ್ನು ಬಲ್ಲ ಕೈಯನ್ನೇ ನೀವು ಗೇಟಿನ ಹೊರಗೆ ನಿಲ್ಲಿಸಿದ್ದೀರಿ. ಕರೆದರೆ ನಾವು ಏಳೂ ಜನ ಬರುತ್ತೇವೆ. ನನ್ನ ಬಾಯಿಯನ್ನು ಬೇಕಾದರೆ ಟಿಕೆಟ್ ಕಿಟಕಿಯಲ್ಲಿ ಒತ್ತೆ ಇಟ್ಟುಕೊಳ್ಳಿ.

ಕೊನೆಗೆ ನನ್ನ ಬೇಡಿಕೆ. ಫೋಟೋವನ್ನು ಇಳಿಸಿ, ಆದರೆ ಪರಪರ ಹರಿಯಬೇಡಿ. ಅಂಚಿಗೆ ಬಿಸಿನೀರು ಹಚ್ಚಿ ಮೆಲ್ಲಗೆ ಬಿಡಿಸಿ ನಮಗೆ ಕಳಿಸಿಕೊಡಿ. ಮುಂದಿನ ತಿಂಗಳ ಕೊನೆಗೆ ಭಾವ ನಿವೃತ್ತರಾಗುತ್ತಾರೆ. ನಮ್ಮ ನೆಲಮಾಳಿಗೆಯ ಗೋಡೆಗೆ ಅವರದೊಂದು ಫೋಟೋ ಹಾಕಬೇಕೆಂದು ಹುಡುಕಿದೆವು. ಮೂವತ್ತೆಂಟು ವರ್ಷದ ನೌಕರಿಯ ಗುರುತಿನ ಚೀಟಿಗಳಲ್ಲೆಲ್ಲ ಅವರದು ಗಂಟುಮುಖ. ನಗುತ್ತಿರುವುದು ನಿಮ್ಮ ಗಾಜಿನ ಮೇಲಿರುವ ಒಂದರಲ್ಲಿ ಮಾತ್ರ, ಸದ್ದು ನಿಂತ ಆ ಕ್ಷಣದ್ದು. ಕೆಳಗಿನ ಸಾಲನ್ನು ನಾವೇ ಕತ್ತರಿಸಿಕೊಳ್ಳುತ್ತೇವೆ.

ಇಂತಿ,
ಅದೇ ಫೋಟೋದ ಎಡತುದಿಯ ಮೊಣಕೈ