ಲಂಗರಪ್ಪ ಮುಂಬೈಯಲ್ಲಿಲ್ಲ, ನಿಮ್ಮ ಬಾವಿಯಲ್ಲಿದ್ದಾನೆ

ಇಲ್ಲ ಮಾನ್ಯರೇ, ನಿನ್ನೆ ನೀವು ಮಾತು ಮುಗಿಯಿತೆಂದು ಎದ್ದು ಹೋದಿರಿ, ನನ್ನದು ಮುಗಿದಿರಲಿಲ್ಲ. "ಒಂದು ಕಬ್ಬಿಣದ ಕೊಕ್ಕೆಗೆ ಇಷ್ಟು ಗಲಾಟೆ ಏಕ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೊಪ್ಪಿಗೆ ಹಾಕಿಕೊಂಡು ಹೊರಟಿರಿ. ಕುರ್ಚಿಯಲ್ಲಿ ಕೂತವರು ಎದ್ದು ಹೋಗಬಹುದು, ಎದುರಿಗೆ ನಿಂತವನು ಎಲ್ಲಿಗೆ ಹೋಗಬೇಕು? ಅದಕ್ಕೇ ಉತ್ತರವನ್ನು ಈ ವಾರಪತ್ರಿಕೆಯಲ್ಲಿ, ಊರೆಲ್ಲ ಓದುವಂತೆ ಕೊಡುತ್ತಿದ್ದೇನೆ. ಅದು ಕೊಕ್ಕೆಯಲ್ಲ, ಹಡಗಿನ ಲಂಗರು. ಟಿಕೋಟದ ನಮ್ಮ ಮನೆಯ ಹೊಸ್ತಿಲ ಮಗ್ಗುಲಲ್ಲಿ ಮೂರು ತಲೆಮಾರು ಅರಿಷಿಣ ಕುಂಕುಮ ಹಚ್ಚಿಸಿಕೊಂಡ ನಮ್ಮ ಲಂಗರಪ್ಪ. ಯಾವ ಹಡಗಿನದೆಂದು ಪತ್ತೆ ಹಚ್ಚಿ ದಸರೆಯೊಳಗೆ ಹಿಂದಿರುಗಿಸುತ್ತೇನೆಂದು ನೀವು ಒಯ್ದಿರಿ. ದಸರೆ ಹೋಯಿತು, ಸಂಕ್ರಮಣ ಹೋಯಿತು, ಯುಗಾದಿಯೂ ಹೋಯಿತು. "ಮುಂಬೈಯ ತಜ್ಞರ ಬಳಿ ಇದೆ" ಎಂದು ಪ್ರತಿ ಸಲ ಹೇಳಿದಿರಿ. ಮುಂಬೈಯಲ್ಲಿಲ್ಲ. ನಿಮ್ಮ ಪ್ರಾಚ್ಯವಸ್ತು ಕಚೇರಿಯ ಹಿತ್ತಲ ಬಾವಿಯ ತಳದಲ್ಲಿದೆ. ಬಿದ್ದ ಬಕೆಟ್ ತೆಗೆಯಲು ನಿಮ್ಮವರು ಅದನ್ನು ಇಳಿಬಿಟ್ಟು ಕಳೆದಿದ್ದಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಬ್ರೀಚ್ ಆಫ್ ಏನೋ ಎನ್ನುತ್ತಾರೆ. ಧಾರವಾಡದಲ್ಲಿ ಇಂಟರ್ ಓದುವಾಗ ಗೊತ್ತಿತ್ತು, ಆ ಏನೋ ಈಗ ನೆನಪಾಗುತ್ತಿಲ್ಲ. ಕನ್ನಡದಲ್ಲಿ ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರೆ. ಅದು ಮರೆತಿಲ್ಲ.

ಎರೆ ಹೊಲದ ಊರಿಗೆ ಹಡಗಿನ ಲಂಗರು ಹೇಗೆ ಬಂತೆಂದು ಓದುವವರು ಕೇಳುತ್ತಾರೆ. ನೀವೂ ಕೇಳಿದ್ದಿರಿ, ನಗುತ್ತಾ. ಧಾತು ಸಂವತ್ಸರದ ಬರದಲ್ಲಿ ನನ್ನ ಅಜ್ಜ ರಾಮಲಿಂಗ ಹೊಟ್ಟೆ ತೋರಿಸಿದ ದಾರಿ ಹಿಡಿದು ಘಟ್ಟ ಇಳಿದ. ವೆಂಗುರ್ಲೆಯ ಬಂದರಿನಲ್ಲಿ ಪತ್ತೇಮಾರಿ ಎಂಬ ಜಾತಿಯ ಹಾಯಿಹಡಗಿಗೆ ಖಲಾಸಿಯಾಗಿ ಸೇರಿದ. ಅಲ್ಲಿಯವರೆಗೆ ಅವನು ಕಂಡಿದ್ದ ಅತಿ ದೊಡ್ಡ ನೀರೆಂದರೆ ನಮ್ಮ ಬೇಗಂ ತಲಾಬ. ಸಮುದ್ರ ಹೇಗಿರುತ್ತದೆ ಎಂದು ಚಿಕ್ಕವನಿದ್ದಾಗ ನಾನು ಕೇಳಿದರೆ, "ಬ್ಯಾರೆ ಏನಲ್ಲೋ ಮಗಾ, ಬಿತ್ತಿದ ಎರಿ ಹೊಲ ಗಾಳಿಗೆ ಎದ್ದು ನಡದಂಗ" ಎನ್ನುತ್ತಿದ್ದ. ಹಲವು ವರ್ಷ ಆ ನಡೆಯುವ ಹೊಲದ ಮೇಲೆ ಬದುಕಿದ. ಒಂದು ಮಳೆಗಾಲ ಹಡಗು ಬಂಡೆಗೆ ಬಡಿದು ಒಡೆಯಿತು. ಬದುಕಿ ದಡಕ್ಕೆ ಬಂದವರಲ್ಲಿ ಅಜ್ಜನೂ ಇದ್ದ, ಹಡಗಿನ ಮುಖ್ಯಸ್ಥ ತಾಂಡೇಲನೂ ಇದ್ದ. ಆ ತಾಂಡೇಲ ಉಳಿದಿದ್ದ ಸಣ್ಣ ನಾಲ್ಕು ತೋಳಿನ ಲಂಗರನ್ನು ಅಜ್ಜನ ಮುಂದೆ ಇಟ್ಟು, ಹಡಗಿಲ್ಲದ ನನಗೆ ಇದೇಕೆ, ನಿನಗೊಂದು ಮನೆ ಇದ್ದರೆ ಒಯ್ದು ಅಲ್ಲಿ ಹಾಕು ಎಂದನಂತೆ. ಉಪ್ಪಿನ ಹೇರಿನ ಎತ್ತುಗಳ ಜೊತೆ ಅಜ್ಜ ಅದನ್ನು ಘಟ್ಟ ಹತ್ತಿಸಿ ತಂದ. ನೋಡಲು ಇಡೀ ಟಿಕೋಟ ನೆರೆದಿತ್ತಂತೆ. ಹೊಸ್ತಿಲ ಪಕ್ಕದ ಕಲ್ಲಿನ ಕುಳಿಯಲ್ಲಿ ಅದನ್ನು ಊರಿ, "ಇನ್ನ ಈ ಮನಿ ತೇಲಿ ಹೋಗಂಗಿಲ್ಲ" ಎಂದ. ಅಂದಿನಿಂದ ನಮಗೆ ಹಡಗದವರು ಎಂದು ಅಡ್ಡಹೆಸರು. "ಹಡಗದವರ ಹುಡುಗಾ, ಇಲ್ಲೆಲ್ಲಿ ತೇಲಸ್ತೀಲೇ?" ಎಂದು ಸಾಲಿಯಲ್ಲಿ ಕೇಳದವರಿಲ್ಲ.

ಈಗ ಲಂಗರಪ್ಪನ ಕೆಲಸ ಹೇಳುತ್ತೇನೆ. ನಮ್ಮ ಮನೆಯಿಂದ ಯಾರಾದರೂ ದೂರ ಹೊರಟರೆ, ನೌಕರಿಗಾಗಲಿ, ಗಂಡನ ಮನೆಗಾಗಲಿ, ಲಂಗರಿಗೆ ಹೊಸ ಹಗ್ಗ ಕಟ್ಟುತ್ತೇವೆ. ಹೋಗುವವರು ಅದರ ಇನ್ನೊಂದು ತುದಿ ಹಿಡಿದು ಹೊಸ್ತಿಲು ದಾಟಿ ಅಂಗಳದ ಬೇವಿನ ಮರದ ತನಕ ನಡೆದು, ಅಲ್ಲಿ ಕೈ ಬಿಡಬೇಕು. ಮನೆಯ ಹಿರಿಯರು ಹಗ್ಗವನ್ನು ಎಳೆದು ಸುತ್ತಿಕೊಳ್ಳುತ್ತ, "ಹಗ್ಗ ಇಲ್ಲೇ ಐತಿ, ದಾರಿ ನಿಂದು" ಎನ್ನಬೇಕು. ಇಷ್ಟೇ. ಮಂತ್ರವಿಲ್ಲ, ದಕ್ಷಿಣೆಯಿಲ್ಲ. ನಾನೂ ಹಾಗೆಯೇ ಧಾರವಾಡಕ್ಕೆ ಹೋಗಿ ಇಂಟರ್ ನಪಾಸಾಗಿ ತಿರುಗಿ ಬಂದೆ. ಪಾಸಾಗಿ ಬರಲಿ ಎಂದು ಲಂಗರಪ್ಪನಿಗೆ ಯಾರೂ ಹೇಳಿರಲಿಲ್ಲ, ಬರಲಿ ಎಂದಷ್ಟೇ ಹೇಳಿದ್ದರು. ಅವನು ತನ್ನ ಕೆಲಸ ಮಾಡಿದ.

ನನ್ನ ಹೆಂಡತಿ ರೇಣುಕವ್ವ ಹೋದಾಗ, ಹೆಣ ಎತ್ತುವ ಮುಂಚೆ ನಾನು ಹಗ್ಗ ಹುಡುಕುತ್ತ ಮನೆಯೆಲ್ಲ ತಿರುಗಾಡಿದೆನಂತೆ. ನನ್ನನ್ನು ಸಾಕಿ ಬೆಳೆಸಿದ ಅತ್ತಿಗೆ ಹೊಳೆವ್ವ ಕೈ ಹಿಡಿದು ಕೂರಿಸಿದಳು. "ಬ್ಯಾಡ ಯಪ್ಪಾ. ಇದು ಬರೋರಿಗೆ ಕಟ್ಟೋ ಹಗ್ಗ. ಹೋಗೋರನ್ನ ಹಿಡದು ಕಾಡಬಾರದು." ಇದನ್ನೇಕೆ ನಿಮಗೆ ಬರೆದೆನೋ, ಇರಲಿ, ಹೊಡೆದು ಹಾಕುವುದಿಲ್ಲ.

ಹೆಂಡತಿ ಹೋದ ಮೇಲೆ ಮನುಷ್ಯನಿಗೆ ಹೊತ್ತು ಬಹಳ ಇರುತ್ತದೆ. ಅಜ್ಜನ ಹಡಗಿನ ಹೆಸರೇನು, ಆ ತಾಂಡೇಲ ಯಾವ ಊರಿನವನು, ಅವನ ಮಕ್ಕಳು ಮೊಮ್ಮಕ್ಕಳು ಎಲ್ಲಾದರೂ ಇದ್ದಾರೆಯೇ ಎಂದು ಹುಡುಕತೊಡಗಿದೆ. ವೆಂಗುರ್ಲೆಗೂ ಹೋಗಿ ಬಂದೆ. ಅಲ್ಲಿಯ ಮುದುಕರು ಲಂಗರಿನ ಮೇಲೆ ಒಡೆಯನ ಗುರುತು ಇರಲೇಬೇಕು, ನೋಡಿ ಎಂದರು. ತಿರುಗಿ ಬಂದು ತಡವಿದರೆ ಒಂದು ತೋಳಿನ ಬುಡದಲ್ಲಿ, ಎಣ್ಣೆ ಅರಿಷಿಣದ ಹೊರಪದರಿನ ಕೆಳಗೆ, ಮೀನಿನ ಹಾಗೆ ಏನೋ ಕೈಗೆ ಹತ್ತಿತು. ಅದೇ ಹೊತ್ತಿಗೆ ಗಾಂಧಿ ಚೌಕದ ಸಭೆಯಲ್ಲಿ ನಿಮ್ಮ ಭಾಷಣ. "ಚರಿತ್ರೆ ಅರಸರದ್ದಷ್ಟೇ ಅಲ್ಲ, ಮನೆಮನೆಯ ಚರಿತ್ರೆ ಹೊರಗೆ ಬರಲಿ" ಎಂದಿರಿ. ಬಹಳ ಜೋರಾಗಿ ಚಪ್ಪಾಳೆ ಹೊಡೆದವನು ನಾನೇ. ನಿಮ್ಮ ಮಾತಿನಂತೆ ನಮ್ಮ ಮನೆಯ ಚರಿತ್ರೆ ಹೊರಗೆ ಬಂತು. ಹೊರಗೆ ಬಂದದ್ದು ಒಳಗೆ ಹೋಗುವ ದಾರಿಯನ್ನು ಮಾತ್ರ ನೀವು ಭಾಷಣದಲ್ಲಿ ಹೇಳಿರಲಿಲ್ಲ.

ಜೀಪಿನಲ್ಲಿ ಟಿಕೋಟಕ್ಕೆ ಬಂದಿರಿ. ಹೊಳೆವ್ವನ ಕೈಯ ರೊಟ್ಟಿ, ಶೇಂಗಾ ಹಿಂಡಿ ಉಂಡು ಹೊಗಳಿದಿರಿ. ಆಕೆಗೆ ಕೊಡುವ ಮನಸ್ಸಿರಲಿಲ್ಲ.

"ಸಾಹೇಬ್ರ, ಅಂವಾ ಈ ಕುಳಿ ಬಿಟ್ಟು ಎಂದೂ ಎದ್ದಾಂವಲ್ರಿ."

"ಅಮ್ಮಾ, ನನ್ನ ತಾಯಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ತೇನೆ."

ನಿಮ್ಮ ತಾಯಿಯವರು ಕ್ಷೇಮವೇ, ಮಾನ್ಯರೇ? ಬಾವಿಯ ಹತ್ತಿರ ಬಿಡಬೇಡಿ.

ನಾನು ರೈಲ್ವೆಯಲ್ಲಿ ಗೂಡ್ಸ್ ಕ್ಲಾರ್ಕನಾಗಿದ್ದವನು. ರಸೀತಿಯಿಲ್ಲದೆ ಒಂದು ಗೋಣಿಚೀಲ ಅಲುಗಾಡಲು ಬಿಟ್ಟವನಲ್ಲ. ರಸೀತಿ ಕೇಳಿದೆ. "ನಮ್ಮ ಮೇಲೆ ವಿಶ್ವಾಸ ಇಲ್ವೇ ಯಲಗೂರಪ್ಪನವರೇ?" ಎಂದಿರಿ. ಇತ್ತು ಮಾನ್ಯರೇ. ಅದೇ ಈಗಿನ ತಕರಾರು.

ಸ್ವಲ್ಪ ದಿನಕ್ಕೆ ನಿಮ್ಮ ಕಚೇರಿಯಲ್ಲಿ ಪ್ರದರ್ಶನ. ನೋಡಲು ಬಂದೆ. ಗಾಜಿನ ಕಪಾಟಿನಲ್ಲಿ ಲಂಗರಪ್ಪ, ಕೆಳಗೊಂದು ಚೀಟಿ: ಪಾತಾಳಗರಡಿ, ಆದಿಲಶಾಹಿ ಕಾಲ. ಬಾವಿಗೆ ಬಿದ್ದ ಕೊಡ ತೆಗೆಯುವ ಗರಡಿ! ಇನ್ನೊಂದು ಮಾತು. ಅಜ್ಜ ಕಲಿಸಿದ್ದ ಗಂಟನ್ನು ಬಿಚ್ಚಿದ್ದಿರಿ. ಅದು ಹಡಗಿನವರ ಗಂಟು, ಎಳೆದಷ್ಟೂ ಬಿಗಿಯುತ್ತದೆ, ಒಂದು ಎಳೆ ಹಿಂದಕ್ಕೆ ತಳ್ಳಿದರೆ ಬಿಚ್ಚುತ್ತದೆ. ಇಡೀ ಟಿಕೋಟದಲ್ಲಿ ನಮ್ಮ ಎತ್ತುಗಳಿಗೆ ಮಾತ್ರ ಆ ಗಂಟು. ಹಡಗಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ, ನೀವು ಸಾಕ್ಷಿಯನ್ನೇ ಬಿಚ್ಚಿ ಹುರಿಯಂಥದೇನೋ ಸುತ್ತಿದ್ದಿರಿ. ನಾನು ತಕರಾರು ತೆಗೆದಾಗ ಭುಜ ತಟ್ಟಿದಿರಿ. "ಟಿಕೋಟದಲ್ಲಿ ಹಡಗು ಅಂದರೆ ಜನ ನಗ್ತಾರೆ. ಮುಂಬೈಗೆ ಕಳಿಸಿ ವಿಚಾರಿಸೋಣ, ಆಮೇಲೆ ಚೀಟಿ ಬದಲಾಯಿಸೋಣ." ಮುಂದಿನ ಸಲ ಬಂದಾಗ ಕಪಾಟು ಖಾಲಿ. ಕಳಿಸಿದ್ದೇವೆ ಎಂದಿರಿ. ನಂಬಿದೆ. ಏಕೀಕರಣಕ್ಕೆ ಮುಂಚೆ ನಾವೂ ಮುಂಬೈ ಸರಕಾರದವರೇ, ಸಮುದ್ರವೂ ಆ ಸರಕಾರದ್ದೇ ಆಗಿತ್ತು. ಅಲ್ಲಿಯವರಿಗೆ ಲಂಗರು ತಿಳಿದೀತು ಎಂದುಕೊಂಡೆ.

ಆ ಸುದ್ದಿಯನ್ನು ಹೊಳೆವ್ವನಿಗೆ ಹೇಳಿದವನೂ ನಾನೇ. ಆಕೆ ಅಳಲಿಲ್ಲ. "ಹೋಗ್ಲಿ ಬಿಡು, ಅಂವಗ ತವರು ಕಾಣ್ಲಿ. ನಾವು ಹೆಣ್ಮಕ್ಕಳು ತವರಿಗೆ ಹೋಗಂಗಿಲ್ಲೇನು? ಹಂಗ ಅಂವಾನೂ ಹೋಗ್ಯಾನ" ಎಂದಳು. ಖಾಲಿ ಕುಳಿಯ ಮುಂದೆ ದೀಪ ಹಚ್ಚುತ್ತ ಬಂದಳು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ, "ಬಂದನೇನು?" ಆಕೆಯ ಮೊಮ್ಮಗಳು ಸಕ್ರವ್ವನ ಲಗ್ನ ಬಬಲೇಶ್ವರದ ಹುಡುಗನ ಜೊತೆ ಆಗಿದೆ. ಬರುವ ಸೋಮವಾರ ಹುಡುಗಿಯನ್ನು ಗಂಡನ ಮನೆಗೆ ಕಳಿಸಬೇಕು. ಲಂಗರಪ್ಪ ಬಾರದೆ ಕಳಿಸುವುದಿಲ್ಲವೆಂದು ಹೊಳೆವ್ವ, ಕಳಿಸದಿದ್ದರೆ ನಮಗೆ ಅವಮಾನವೆಂದು ಬೀಗರು. ಅದಕ್ಕೇ ನಾನು ನಿಮ್ಮ ಕಚೇರಿಯ ಪಡಸಾಲೆಯಲ್ಲಿ ಬಂದು ಬಂದು ಕೂತದ್ದು. ಗಾಂಧಿ ಚೌಕದಲ್ಲಿ ಹಾದುಹೋದರೆ, "ನಿಮ್ಮ ದೇವರ ಪಾರ್ಸಲ್ ಬಂತೇನ್ರಿ ಗೂಡ್ಸ್ ಮಾಸ್ತರ?" ಎಂದು ಅಂಗಡಿಯವರು ನಗುವಷ್ಟಾಯಿತು.

ಎಲ್ಲಿಗೆ ಬಂದೆ? ಹಾಂ, ನೀರಿನ ಮಾತಿಗೆ. ಈ ಬೇಸಿಗೆ ಭೂತನಾಳ ಕೆರೆಯ ನೀರು ನಲ್ಲಿಗೆ ಸರಿಯಾಗಿ ಬರುತ್ತಿಲ್ಲ. ನಿಮ್ಮ ಕಚೇರಿಯಲ್ಲಿ ಬಾವಿಯ ನೀರೇ ಕುಡಿಯಲು. ಮೊನ್ನೆ ನಾನು ಎಂದಿನಂತೆ ಕಾಯುತ್ತ ಕೂತಾಗ ನೀರು ಸೇದುವ ಹೆಣ್ಣುಮಗಳು ಒಂದು ಲೋಟ ತಂದು ಕೊಟ್ಟಳು. ಆಕೆಯ ಹೆಸರು ಬರೆಯದಿದ್ದರೂ ನಿಮಗೆ ತಿಳಿಯುತ್ತದೆ. ಆದ್ದರಿಂದ ಊರಿಗೂ ತಿಳಿಯಲೆಂದು ಬರೆಯುತ್ತೇನೆ, ಆಶಾಬಿ. ನಾಳೆ ಆಕೆ ಆ ಕೆಲಸದಲ್ಲಿ ಕಾಣದಿದ್ದರೆ ಏಕೆಂದು ಊರು ಕೇಳಲಿ.

"ಕುಡೀರಿ ಅಜ್ಜಾರ, ಸವಳೈತಿ, ಆದ್ರ ತಣ್ಣಗ ಐತಿ. ಬಕೀಟ ಇಲ್ಲಂತ ಕೊಡದಾಗ ಸೇದಾಕತ್ತೇನಿ. ಅದನ್ನ ತೆಗ್ಯಾಕ ಹೋಗಿ ಗರಡೀನೂ ಬಾವಿಗೇ ಹೋತಲ್ರಿ."

"ಯಾವ ಗರಡೀವ್ವಾ?"

"ನಾಕ ಕೈಯಿಂದರಿ, ಕಪಾಟಿನಾಗ ಅರಿಷಿಣ ಹಚ್ಚಿದ್ದು ಇತ್ತಲ್ಲ. ಚೀಟಿ ಮ್ಯಾಲ ಪಾತಾಳಗರಡಿ ಅಂತನ ಬರದೈತಿ, ತಗೋರಿ ಅಂದ್ರು ಸಾಹೇಬ್ರು. ಬಿಟ್ರು. ಹುರಿ ಬಿಚ್ಚಿಕೊಂಡು ಹೋತು."

"ಯಾವಾಗ?"

"ದಸರೆದ ಮುಂದರಿ."

ಲೋಟದಲ್ಲಿ ಅರ್ಧ ನೀರು ಉಳಿದಿತ್ತು. ಕೆಳಗಿಟ್ಟೆ. ಇಷ್ಟು ದಿನ ಅಲ್ಲಿ ಕೂತು ಎಷ್ಟು ಲೋಟ ಕುಡಿದಿದ್ದೆನೋ. ಸುಳ್ಳು ಚೀಟಿ ಬರೆಯುವವರನ್ನು ನಾನು ರೈಲ್ವೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ತಾವು ಬರೆದ ಸುಳ್ಳು ಚೀಟಿಯನ್ನು ತಾವೇ ನಂಬಿ ವಸ್ತುವನ್ನು ನೀರಿಗೆ ಇಳಿಸಿದವರನ್ನು ಇದೇ ಮೊದಲು ನೋಡಿದ್ದು. ಬಿದ್ದದ್ದು ತಪ್ಪಿರಬಹುದು, ಬಾವಿ ಇದ್ದಲ್ಲಿ ಬೀಳುತ್ತದೆ. ಅಂದೇ ಟಿಕೋಟಕ್ಕೆ ಬಂದು, "ಅಮ್ಮಾ, ಬಿತ್ತು" ಎಂದಿದ್ದರೆ ಆ ಮುದುಕಿ ನಿಮಗೆ ಇನ್ನೊಂದು ರೊಟ್ಟಿ ಹಾಕಿ ಹಗ್ಗ ತೆಗೆದುಕೊಂಡು ಹೊರಡುತ್ತಿದ್ದಳು. ಅದರ ಬದಲು ಮುಂಬೈ ಕಟ್ಟಿದಿರಿ. ಖಾಲಿ ಕುಳಿಗೆ ಆಕೆ ಹಚ್ಚಿದ ದೀಪದ ಎಣ್ಣೆಯೆಲ್ಲ ನಿಮ್ಮ ಸುಳ್ಳಿಗೆ ಸುರಿದದ್ದು. ಆ ಸುಳ್ಳನ್ನು ಹೊತ್ತು ಟಿಕೋಟದ ಬಸ್ಸು ಹತ್ತಿದ ಹಮಾಲ ನಾನು. ನನಗೆ ಇದನ್ನು ಸಹಿಸಲು ಆಗುತ್ತಿಲ್ಲ.

ನಿನ್ನೆ ನಾನು ಇಷ್ಟೇ ಕೇಳಿದೆ, ಬಾವಿ ತೋಡಿಸಿ ತೆಗೆದುಕೊಡಿ. ಮಳೆಗಾಲ ಮುಗಿಯಲಿ, ಪರಿಶೀಲಿಸೋಣ ಎಂದಿರಿ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಬಿಟ್ಟು, ಮಳೆ ಬಂದು ಬಾವಿ ತುಂಬಿದ ಮೇಲೆ ತೋಡಿಸುವ ಶಾಸ್ತ್ರವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಆಮೇಲೆ ಕೊಕ್ಕೆ, ಗಲಾಟೆ, ಟೊಪ್ಪಿಗೆ.

ನಿನ್ನೆ ಸಂಜೆಯ ಬಸ್ಸಿಗೆ ಹೋಗಿ ಹೊಳೆವ್ವನಿಗೆ ನಿಜ ಹೇಳಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಬಾವ್ಯಾಗ ನೀರ ಐತೇನು?" ಎಂದಳು.

"ಐತಿ."

"ಸೀ ನೀರೋ, ಸವಳೋ?"

"ಸವಳು."

"ಹಂಗಾದ್ರ ಅಂವಗ ಒಗ್ಗತೈತಿ." ಆಮೇಲೆ, "ಸಕ್ರಿನ್ನ ಸೋಮವಾರ ಅಲ್ಲಿಂದನ ಕಳಸೂಣು. ಹಗ್ಗ ಬಾವಿಗಿ ಬಿಡ್ತೇನಿ. ಗಂಟ ಬೀಳದಿದ್ರ ಬ್ಯಾಡ, ಅಂವಗ ಮುಟ್ಟಿದ್ರ ಸಾಕು."

ಮೂಲೆಯಲ್ಲಿದ್ದ ಸಕ್ರವ್ವ, "ಯಮ್ಮಾ, ಕಚೇರಿಯಿಂದ ಗಂಡನ ಮನಿಗಿ ಹೋದಾಕಿ ಅಂತ ನೆಗೆಣ್ಯಾರು ನಗತಾರ ಬೇ" ಎಂದಳು.

"ನಗಲಿ. ನಮಗ ನಗೋದು ಹೊಸಾದೇನು? ಹಡಗದವರು ನಾವು."

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಸೋಮವಾರದೊಳಗೆ ಬಾವಿ ತೋಡಿಸಿ ಲಂಗರಪ್ಪನನ್ನು ತೆಗೆಸಿ, ನೀವೇ ಹೊತ್ತು ತಂದು ಟಿಕೋಟದ ಕುಳಿಯಲ್ಲಿ ಊರಿರಿ. ಆಗದಿದ್ದರೆ ಸೋಮವಾರ ಬೆಳಿಗ್ಗೆ ನಿಮ್ಮ ಗೇಟು ತೆರೆದಿರಲಿ. ಚಕ್ಕಡಿಯಲ್ಲಿ ನಾವು ಬರುತ್ತೇವೆ, ಬೀಗರೂ ಬರುತ್ತಾರೆ. ಹುಡುಗಿ ಹಗ್ಗ ಹಿಡಿದು ನಿಮ್ಮ ಬಾವಿಯಿಂದ ಹೊರಟು, ನಿಮ್ಮ ಪಡಸಾಲೆ ದಾಟಿ, ನಿಮ್ಮ ಮೇಜಿನ ಮುಂದೆಯೇ ಹಾದು ಹೊರಗೆ ಹೋಗುತ್ತಾಳೆ. ಆ ಹೊತ್ತಿಗೆ ನೀವು ಕುರ್ಚಿಯಲ್ಲಿರಬೇಕು, ಹೊಳೆವ್ವನ ಮುಖ ನೋಡಿ ಆ ಕೊಕ್ಕೆಯ ಮಾತನ್ನು ಇನ್ನೊಮ್ಮೆ ಆಡಬೇಕು. ಒಂದು ಎಚ್ಚರಿಕೆ. ಹಗ್ಗ ಎಲ್ಲಿ ಬಿಟ್ಟು ಹೋದರೋ ಅಲ್ಲಿಗೇ ತಿರುಗಿ ಬರುವುದು ನಮ್ಮ ಮನೆತನದ ಪದ್ಧತಿ. ಶ್ರಾವಣದ ಪಂಚಮಿಗೆ ಹುಡುಗಿ ತವರೆಂದು ನಿಮ್ಮ ಕಚೇರಿಗೇ ಬರುತ್ತಾಳೆ. ಉಂಡಿ ಕಟ್ಟಿಸಿ ಇಡಿ, ಪಡಸಾಲೆಯಲ್ಲಿ ಜೋಕಾಲಿ ಹಾಕಿಸಿ.

ಇನ್ನೂ ಆ ಮೀನಿನ ಗುರುತಿನ ವಿಷಯ ಬರೆಯಬೇಕಿತ್ತು, ತಾಂಡೇಲನ ಊರಿನ ಬಗ್ಗೆ ವೆಂಗುರ್ಲೆಯ ಮುದುಕನೊಬ್ಬ ಹೇಳಿದ್ದೂ ಇತ್ತು. ಆದರೆ ಗುಡಿಯ ಕಡೆಯಿಂದ ನಾನು ಕೂತು ಬರೆಯುವ ಕಟ್ಟೆಯ ಮೇಲೆ ಬೀಳುತ್ತಿದ್ದ ಬಿಸಿಲು ಯಾವಾಗಲೋ ಎದ್ದು ಹೋಗಿದೆ, ಸಾಲು ಸಾಲಿನ ಮೇಲೇರುತ್ತಿದೆ. ಸರಕಾರಕ್ಕೆ ಬರೆಯುವ ಇಂಗ್ಲಿಷ್ ಪತ್ರ ಯುವರ್ ಮೋಸ್ಟ್ ಒಬಿಡಿಯಂಟ್ ಎಂದು ಮುಗಿಯುತ್ತಿತ್ತು. ಮುಂದಿನ ಪದ ನೆನಪಾಗುತ್ತಿಲ್ಲ. ಆಗದಿರುವುದೇ ಒಳ್ಳೆಯದು.

ಇಂತಿ,
ತನ್ನ ದೇವರು ಮುಳುಗಿದ ನೀರನ್ನು ನಿಮ್ಮ ಪಡಸಾಲೆಯಲ್ಲಿ ಕುಡಿದು ಉಪಕಾರ ಎಂದು ಹೇಳಿ ಬಂದ,
ಹಡಗದವರ ಯಲಗೂರಪ್ಪ
ನಿವೃತ್ತ ಗೂಡ್ಸ್ ಕ್ಲಾರ್ಕ, ಸಿದ್ಧೇಶ್ವರ ಗುಡಿಯ ಹತ್ತಿರ, ವಿಜಾಪುರ