ಬೇಡದ ನಾಲ್ಕು ಬೋಲ್ಟುಗಳು

ಮಾನ್ಯ ಪರವಾನಗಿ ಅಧಿಕಾರಿಗಳೇ,

ನಮ್ಮ ಪುಟ್ಟ ಅಣು ರಿಯಾಕ್ಟರಿನ ವಿನ್ಯಾಸಕ್ಕೆ ನೀವು ಕೊಟ್ಟ ಒಪ್ಪಿಗೆ ಪತ್ರ ಕಳೆದ ಸೋಮವಾರ ತಲುಪಿತು. ಆರು ವರ್ಷ ಬಾಗಿಲು ನೋಡುತ್ತ ಕಾದ ಪತ್ರ. ಕಚೇರಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೋರಿಕೆ ಒಂದೇ: ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ. ಆ ನಕ್ಷೆಯಲ್ಲಿ ಯಾವ ಕೆಲಸಕ್ಕೂ ಬಾರದ ನಾಲ್ಕು ಬೋಲ್ಟುಗಳಿವೆ. ಬರೆದವಳು ನಾನು, ಬರೆಸಿದ್ದು ನಿಮ್ಮ ನಮೂನೆ.

ನಾನು ಇಪ್ಪತ್ತೆರಡು ವರ್ಷಗಳಿಂದ ರಿಯಾಕ್ಟರಿನ ನಕ್ಷೆ ಬರೆಯುವವಳು. ನನ್ನ ತಮ್ಮ ಹಳೆಯ ದೊಡ್ಡ ರಿಯಾಕ್ಟರಿನಲ್ಲಿ ಮುಚ್ಚಳ ಬಿಚ್ಚುವ ತಂಡದವನು. ಒಂದೂವರೆ ವರ್ಷಕ್ಕೊಮ್ಮೆ ಅಲ್ಲಿ ಸುಟ್ಟ ಇಂಧನ ತೆಗೆದು ಹೊಸದು ಇಡಬೇಕು. ಅದಕ್ಕೆ ಮೊದಲು ಮುಚ್ಚಳದ ಐವತ್ತೆರಡು ಬೋಲ್ಟುಗಳನ್ನು ಸಡಿಲಿಸಬೇಕು, ಅದು ಮನುಷ್ಯರು ನಿಂತು ಮಾಡುವ ಕೆಲಸ. ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಉಡುಪು, ಮೂಗಿಗೆ ಗಾಳಿಯ ಕೊಳವೆ, ತಲಾ ಹನ್ನೊಂದು ನಿಮಿಷ. ಮೈ ಎಷ್ಟು ವಿಕಿರಣ ಕುಡಿಯಿತೆಂದು ಎದೆಯ ಮೇಲಿನ ಬಿಲ್ಲೆ ಅಳೆಯುತ್ತದೆ. ಅದಕ್ಕೆ ವರ್ಷಕ್ಕೊಂದು ಮಿತಿ, ಜೀವಮಾನಕ್ಕೊಂದು ಮಿತಿ. ನನ್ನ ತಮ್ಮನ ಜೀವಮಾನದ ಮಿತಿ ನಲವತ್ತಮೂರನೇ ವಯಸ್ಸಿಗೇ ಹತ್ತಿರ ಬಂದುಬಿಟ್ಟಿದೆ.

ಒಂದು ಭಾನುವಾರ ಅಡುಗೆಮನೆಯಲ್ಲಿ ನಾನು ಕುಕ್ಕರಿನ ಮುಚ್ಚಳ ತಿರುಗಿಸಿ ತೆಗೆಯುವುದನ್ನು ಅವನು ನೋಡುತ್ತ ಕೂತಿದ್ದ. "ಅಕ್ಕಾ, ಇದು ತಿರುಗಿಸಿದ್ರೆ ಬಿಟ್ಕೊಳ್ಳತ್ತೆ. ನಿಮ್ಮ ರಿಯಾಕ್ಟರಿಗೆ ಮಾತ್ರ ನಾವು ಹತ್ತಿ ನಿಲ್ಬೇಕು. ಯಾಕೆ?" ಅಂದ. ಆ ಪ್ರಶ್ನೆಯನ್ನೇ ಮರುದಿನ ನಮ್ಮ ಮುಖ್ಯ ಇಂಜಿನಿಯರಿಗೆ ಹೇಳಿದಾಗ ಅವರು ಮೊದಲು ನಕ್ಕರು, ಆಮೇಲೆ ಪೆನ್ಸಿಲು ಕೇಳಿದರು.

ನಮ್ಮ ವಿನ್ಯಾಸ ಹುಟ್ಟಿದ್ದು ಹಾಗೆ. ಮುಚ್ಚಳವನ್ನು ಹಿಡಿಯುವುದು ಒಂದೇ ಉಕ್ಕಿನ ಬಳೆ, ಅದನ್ನು ದಪ್ಪ ಗೋಡೆಯಾಚೆಯ ಕೋಣೆಯಿಂದ ತಿರುಗಿಸಬಹುದು. ಇಂಧನವೆಲ್ಲ ಒಂದೇ ಬುಟ್ಟಿಯಲ್ಲಿರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಎತ್ತಿ ಸೀಸದ ಪೀಪಾಯಿಗೆ ಇಳಿಸಿದರೆ ಮುಗಿಯಿತು. ಕರೆಂಟು ಹೋದರೆ ಪಂಪು ಬೇಡ, ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿದು ಅದರ ಪಾಡಿಗೆ ಅದು ತಣ್ಣಗಾಗುತ್ತದೆ. ಮುಚ್ಚಳದ ಮೇಲೆ ಯಾರೂ ನಿಲ್ಲಬೇಕಾಗಿಲ್ಲ. ಹೀಗಂತ ತಮ್ಮನಿಗೆ ಹೇಳಿದೆ. ನಿಜವಾಗ್ಲೂನಾ ಎಂದು ಎರಡು ಸಲ ಕೇಳಿದ. ಎರಡು ಸಲವೂ ಹೌದು ಅಂದೆ.

ನೀವು ಕಟ್ಟುನಿಟ್ಟು ಮಾಡಬಾರದು ಎನ್ನುವವಳು ನಾನಲ್ಲ. ಮಾಡಲೇಬೇಕು. ಭೂಮಿ ನಡುಗಿದರೆ ಏನು ಗತಿ, ಬುಟ್ಟಿ ಅರ್ಧದಲ್ಲೇ ನೇತಾಡಿದರೆ ಏನು ಮಾಡುತ್ತೀರಿ ಎಂದು ನೀವು ಕೇಳಿದಿರಿ. ಎರಡು ವರ್ಷ ತಲೆ ಕೆಡಿಸಿಕೊಂಡು ಬುಟ್ಟಿ ಎತ್ತುವ ಕೊಕ್ಕೆಯನ್ನೇ ಬದಲಿಸಿದೆವು, ವಿನ್ಯಾಸ ಇನ್ನಷ್ಟು ಗಟ್ಟಿಯಾಯಿತು. ಅದಕ್ಕೆ ಕೈಮುಗಿಯುತ್ತೇನೆ. ಆದರೆ ನಿಮ್ಮ ನಮೂನೆಯ ಕಲಂ ಇಪ್ಪತ್ತಮೂರು? "ಮುಚ್ಚಳದ ಬೋಲ್ಟು ಬಿಚ್ಚುವ ಸಿಬ್ಬಂದಿಯ ಹೆಸರು, ತರಬೇತಿ, ನಿಲ್ಲುವ ನಿಮಿಷ." ಹಳೆಯ ರಿಯಾಕ್ಟರುಗಳಿಗೆಂದು ಯಾವ ಕಾಲದಲ್ಲೋ ಅಚ್ಚಾದ ಸಾಲು. ಬೋಲ್ಟು ಇಲ್ಲ ಎಂದು ಬರೆದೆವು, ಅಪೂರ್ಣ ಎಂದು ಹಿಂದಿರುಗಿತು. ಸೊನ್ನೆ ಬರೆದೆವು, ಸೊನ್ನೆ ಸ್ವೀಕಾರಾರ್ಹವಲ್ಲ ಎಂದಿರಿ. ಎಂಟು ಪುಟ ವಿವರಣೆ ಕಳಿಸಿದೆವು. "ವಿವರಣೆಯನ್ನು ಗಮನಿಸಲಾಗಿದೆ, ಕಲಂ ಭರ್ತಿ ಮಾಡಿ" ಎಂಬ ಉತ್ತರ ಬಂತು. ಆ ಎಂಟು ಪುಟ ಗಮನಿಸಿದ ಪುಣ್ಯಾತ್ಮರು ಯಾರು ಸ್ವಾಮಿ? ನಾನೇ ನಿಮ್ಮ ಕಚೇರಿಗೆ ಬಂದೆ. ಕಿಟಕಿಯ ಗುಮಾಸ್ತರು ಪಾಪ, ಒಳ್ಳೆಯವರು. ನೀರು ಕೊಟ್ಟು, ದನಿ ತಗ್ಗಿಸಿ ಹೇಳಿದರು: "ಖಾಲಿ ಬಿಟ್ರೆ ಫೈಲು ಮೇಲಕ್ಕೆ ಹೋಗಲ್ಲ ಮೇಡಂ. ಯಾರಾದ್ರೂ ಒಬ್ಬರನ್ನ ನಿಲ್ಸಿಬಿಡಿ."

ಒಬ್ಬರೂ ನಿಲ್ಲಬಾರದೆಂದು ಮಾಡಿದ ಯಂತ್ರಕ್ಕೆ ಒಬ್ಬರನ್ನು ನಿಲ್ಲಿಸುವುದು ಹೇಗೆ? ವರ್ಷದ ಕೊನೆಗೆ ಒಪ್ಪಿಗೆ ಬಾರದಿದ್ದರೆ ನಮ್ಮ ಕಚೇರಿಗೆ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು. ಮುಖ್ಯ ಇಂಜಿನಿಯರ್ ನನ್ನ ಮುಖ ನೋಡದೆ, ಬಳೆಯ ಪಕ್ಕ ನಾಲ್ಕು ಚಿಕ್ಕ ಬೋಲ್ಟು ಬರೆದುಬಿಡಿ ಅಂದರು. ಬರೆದೆ. ಒಂದು ಗಂಟೆಯೂ ಹಿಡಿಯಲಿಲ್ಲ. ಬೋಲ್ಟು ಬಂದ ಮೇಲೆ ಬಿಚ್ಚುವವರು ಬೇಕು, ಬಿಚ್ಚುವವರ ಹೆಸರು ನಿಮ್ಮ ತರಬೇತಿ ಪಟ್ಟಿಯಲ್ಲೇ ಇರಬೇಕು. ಪಟ್ಟಿಯಲ್ಲಿದ್ದವರು ಒಂಬತ್ತು ಮಂದಿ. ಎಂಟು ಜನರನ್ನು ಹಳೆಯ ರಿಯಾಕ್ಟರಿನ ಮುಂದಿನ ಸರದಿಗೆ ಆಗಲೇ ಹಾಕಿದ್ದರು. ಒಂಬತ್ತನೆಯವನನ್ನು ಮಿತಿ ಹತ್ತಿರ ಬಂತೆಂದು ಮುಚ್ಚಳದಿಂದ ಇಳಿಸಿ, ಗೇಟಿನ ಬಳಿ ಬೂಟಿನ ಮೇಲೆ ತೊಡುವ ಪ್ಲಾಸ್ಟಿಕ್ ಕವರು ಹಂಚುವ ಕೆಲಸಕ್ಕೆ ಹಾಕಿದ್ದರು. ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಅವನೊಬ್ಬನೇ "ಲಭ್ಯ". ಮಿತಿ ಮುಟ್ಟುವ ಮೊದಲು ಅವನು ಇನ್ನೂ ಆರು ನಿಮಿಷ ನಿಲ್ಲಬಹುದು ಎಂದೂ ಅದೇ ತೋರಿಸಿತು. ಬರೀ ನಮೂನೆಗೆ, ಯಾರೂ ಕರೆಯಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ನನ್ನ ತಮ್ಮನ ಹೆಸರನ್ನು ನಾನೇ, ದುಂಡಗಿನ ಅಕ್ಷರದಲ್ಲಿ, ಬರೆದೆ.

ನಿಮ್ಮ ಒಪ್ಪಿಗೆಯ ನಾಲ್ಕನೇ ಷರತ್ತು: ಬೋಲ್ಟುಗಳನ್ನು ಕಲಂ ಇಪ್ಪತ್ತಮೂರರ ಸಿಬ್ಬಂದಿಯೇ ಬಿಚ್ಚಬೇಕು, ಅವರನ್ನು ಬದಲಿಸುವಂತಿಲ್ಲ.

ಅವತ್ತು ಸಂಜೆ ಪತ್ರವನ್ನು ಅವನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ನನಗೆ ಅಳು ತಡೆಯಲಾಗಲಿಲ್ಲ, ಏನೇನೋ ಸಬೂಬು ಹೇಳಿದೆ. ಅವನು ಬೈದಿದ್ದರೆ ಚೆನ್ನಾಗಿತ್ತು. "ಬಿಡಕ್ಕ, ಬೇರೆಯವರ ಹೆಸರು ಬರೆದಿದ್ರೆ ಅವರ ಮನೇಲೂ ಒಬ್ಬಳು ಅಕ್ಕ ಇರ್ತಿದ್ಲು" ಅಂದ. ಆಮೇಲೆ ಎದ್ದು ಕುಕ್ಕರಿನ ಮುಚ್ಚಳ ತಿರುಗಿಸಿ ತೆಗೆದು ಇಬ್ಬರಿಗೂ ಬಡಿಸಿದ.

ಬುಧವಾರ ಮತ್ತೆ ನಿಮ್ಮ ಕಿಟಕಿಗೆ ಬಂದಿದ್ದೆ. ಒಪ್ಪಿಗೆ ಬೇಡ ಎಂದು ಅರ್ಜಿ ಕೊಡಲು ನಮೂನೆ ಇಲ್ಲವಂತೆ, ಇದುವರೆಗೆ ಯಾರೂ ಕೇಳಿಲ್ಲವಂತೆ. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಆ ಕಲಮಿನಲ್ಲಿ "ಯಾರೂ ಇಲ್ಲ" ಎಂದು ಬರೆಯಲು ಬಿಡಿ, ನಾಲ್ಕು ಬೋಲ್ಟು ಅಳಿಸಿ ಅದೇ ದಿನ ನಕ್ಷೆ ತಂದುಕೊಡುತ್ತೇನೆ. ಆಗದು ಎನ್ನುತ್ತೀರಿ, ಗೊತ್ತು. ಹಾಗಿದ್ದರೆ ಮೊದಲ ಇಂಧನ ಬದಲಿಸುವ ದಿನ ನೀವೇ ಬಂದು ದಪ್ಪ ಗಾಜಿನ ಈಚೆ ನನ್ನ ಪಕ್ಕದಲ್ಲಿ ಆರು ನಿಮಿಷ ನಿಲ್ಲಬೇಕು. ನನ್ನ ತಮ್ಮ ನಾಲ್ಕೂ ಬೋಲ್ಟು ಬಿಚ್ಚುತ್ತಾನೆ. ಮುಚ್ಚಳ ಕದಲುವುದಿಲ್ಲ. ಅವನು ಹೊರಗೆ ಬಂದ ಮೇಲೆ ಈಚೆಯ ಕೋಣೆಯಿಂದ ಬಳೆ ತಿರುಗಿಸುತ್ತಾರೆ, ಆಗ ತೆರೆಯುತ್ತದೆ. "ಮತ್ತೆ ನನ್ನನ್ನ ಒಳಗೆ ಯಾಕೆ ಕಳಿಸಿದ್ದು?" ಎಂದು ಅವನು ಕೇಳಿದರೆ ಉತ್ತರ ನೀವು ಹೇಳಬೇಕು. ನನ್ನ ಕೈಲಾಗುವುದಿಲ್ಲ.

ಇಂತಿ,
ಬಳೆಯನ್ನೂ ಬೋಲ್ಟನ್ನೂ ಒಂದೇ ಕೈಯಲ್ಲಿ ಬರೆದ ಅಕ್ಕ